ಗೇಟಿನ ಫಲಕದ ಪೈಲಟ್

ಸದಾಶಿವನಗರ, ಬೆಳಗಾವಿ

ಖಾನಾಪುರದ ನನ್ನ ಹಳೆಯ ಶಾಲೆಯ ಮುಖ್ಯಾಧ್ಯಾಪಕರಿಗೆ ನಮಸ್ಕಾರ.

ಇದು ಮೂರನೆಯ ಪತ್ರ. ಶಾಲೆಯ ಗೇಟಿನ ಫಲಕದಲ್ಲಿ ನನ್ನನ್ನು ಈಗಲೂ ಕನ್ನಡದಲ್ಲೂ ಮರಾಠಿಯಲ್ಲೂ ‘ಶೌರ್ಯ ಪದಕ ಪಡೆದ ಪೈಲಟ್’ ಎಂದೇ ಬರೆದಿದೆ. ಫೋನಿನಲ್ಲಿ ಹೇಳಿದರೆ, “ವಿಮಾನದಾಗ ಇದ್ರಲ್ರೀ ಸಾಹೇಬ್ರ, ಎಲ್ಲಾ ಒಂದ ಬಿಡ್ರಿ” ಎಂದು ನಕ್ಕಿರಿ.

ಒಂದಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ ನಾನು ಬಾಂಬರ್ ವಿಮಾನದ ನ್ಯಾವಿಗೇಟರ್, ನಕಾಶೆ ನೋಡಿ ದಾರಿ ಹೇಳುವವನು. ಹಾರಿಸಿದವನು ಹೋಶಂಗ. ಗುಂಡು ತಗುಲಿದ ಮೇಲೂ ವಿಮಾನ ಇಳಿಸಿ, ನನ್ನನ್ನು ಉಳಿಸಿ, ಸೀಟಿನಲ್ಲೇ ಸತ್ತ.

ಆಗಸ್ಟ್ ಹದಿನೈದರ ಸಮಾರಂಭಕ್ಕೆ ಮುಂಬಯಿಯಿಂದ ಅವನ ಮಗಳು ನನ್ನ ಜೊತೆ ಬರುತ್ತಿದ್ದಾಳೆ. ಅಷ್ಟರೊಳಗೆ ದಯವಿಟ್ಟು ಫಲಕ ತಿದ್ದಿಸಿ. ಕನ್ನಡದ ಸಾಲು ಅವಳಿಗೆ ಓದಲು ಬರುವುದಿಲ್ಲ. ಕೆಳಗಿನ ಮರಾಠಿ ಸಾಲು ಬರುತ್ತದೆ.

ದಿಗಂಬರ ಘಾಡಿ
ನಿವೃತ್ತ ನ್ಯಾವಿಗೇಟರ್