ಬೂರುಗದ ಮೆತ್ತೆ

ಹಿನ್ನೀರಿನ ತೋಟ,
ಹುಳಿಯಾರು ಅಂಚೆ
22 ನವೆಂಬರ್ 1981, ಭಾನುವಾರ

ನನ್ನ ಮುದ್ದು ಮಂಗಳಕ್ಕನಿಗೆ,

ನಿನ್ನ ಗಿರಿಜಾಂಬಿಕೆಯ ಸಾವಿರ ನಮಸ್ಕಾರ, ಭಾವನವರಿಗೂ. ವಿಶಾಲಳ ಎರಡೂ ಕೆನ್ನೆಗೆ ಒಂದೊಂದು ಮುತ್ತು, ಬಲಗೆನ್ನೆಗೆ ಇನ್ನೊಂದು ಜಾಸ್ತಿ, ಅಲ್ಲಿ ಗುಳಿ ಬೀಳುತ್ತದಲ್ಲ ಅದಕ್ಕೆ.

ಬೈದುಬಿಡು ಅಕ್ಕ. ದಸರಾಕ್ಕೆ ಬರುತ್ತೇನೆಂದು ಹೇಳಿ ಬರಲಿಲ್ಲ, ಎರಡು ತಿಂಗಳಿಂದ ಒಂದು ಸಾಲೂ ಬರೆದಿಲ್ಲ. ನಿನ್ನ ಮೂರು ಪತ್ರಗಳೂ ನನ್ನ ದಿಂಬಿನ ಕೆಳಗೇ ಇವೆ. ಮೂರನೆಯದರಲ್ಲಿ, 'ಗಂಡ ಸಿಕ್ಕ ಮೇಲೆ ಅಕ್ಕ ಯಾರೆಂದು ನೆನಪಿದೆಯೇ' ಎಂದು ಕೇಳಿದ್ದೀಯ. ಓದಿ ಅತ್ತುಬಿಟ್ಟೆ. ಆದರೂ ಬರೆಯಲಾಗಲಿಲ್ಲ. ಮೊದಲು ಇಂಗ್ಲಿಷಿನಲ್ಲಿ ಬರೆಯಲು ಕುಳಿತು ಎರಡು ಪುಟ ತುಂಬಿಸಿದೆ. ತಿರುಗಿ ಓದಿದರೆ ಎಲ್ಲವೂ ಯಾವುದೋ ಕಥೆಪುಸ್ತಕದ ಹುಡುಗಿಗೆ ಆದಂತೆ ಕಾಣಿಸಿತು. ಹರಿದುಹಾಕಿದೆ. ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ನಿನಗೇ ಗೊತ್ತು. ನನ್ನ ಒತ್ತಕ್ಷರ ನೋಡಿ ನಗಬೇಡ.

ಮೊದಲು ಸಂತೋಷದ ಸುದ್ದಿ. ನೀನು ದೊಡ್ಡಮ್ಮ ಆಗುತ್ತೀಯ. ಈಗ ಮೂರನೆಯ ತಿಂಗಳು. ಹುರುಳಿ ಸಾರಿನ ಒಗ್ಗರಣೆಯ ವಾಸನೆಗೆ ನಾನು ಹಿತ್ತಲಿಗೆ ಓಡಿದ್ದೇ ತಡ, ಅತ್ತೆ ದ್ರಾಕ್ಷಾಯಣಮ್ಮನವರು ಒಂದು ಮಾತೂ ಕೇಳದೆ ಕೊಬ್ಬರಿ ಬೆಲ್ಲ ತಂದು ಬಾಯಿಗಿಟ್ಟರು. ಆಮೇಲೆ ಒಳಗೆ ಹೋಗಿ ದೇವರ ಮುಂದೆ ಬಹಳ ಹೊತ್ತು ಕುಳಿತರು. ಇಷ್ಟು ಸಂತೋಷಕ್ಕೆ ಅಷ್ಟು ಹೊತ್ತು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ.

ಇವರಿಗೆ ನಾನೇ ಹೇಳಿದೆ. ಹೇಗೆಲ್ಲ ಹೇಳಬೇಕೆಂದು ಬೆಳಗಿನಿಂದ ಅಭ್ಯಾಸ ಮಾಡಿಕೊಂಡಿದ್ದೆ. ಇವರು ನಗಲಿಲ್ಲ.

"ಯಾವ ತಿಂಗ್ಳಿಗೆ?" ಎಂದರು.

"ಮೇ ತಿಂಗಳಿಗೆ."

"ಮೇನಲ್ಲಿ ನೀರಿರಲ್ಲ" ಎಂದರು. ಅಷ್ಟೇ ಹೇಳಿ ಎದ್ದು ದೋಣಿಯ ಕೊಟ್ಟಿಗೆಗೆ ಹೋದರು.

ಎಂಥ ಮಾತು ನೋಡು. ಆ ದಿನವೆಲ್ಲ ನಾನು, ನನ್ನ ಗಂಡನಿಗೆ ಮಗು ಬೇಡವಾಗಿದೆ ಎಂದೇ ತಿಳಿದುಕೊಂಡಿದ್ದೆ.

ದೋಣಿಯ ವಿಷಯ ಮದುವೆಯಾದ ಹೊಸತರಲ್ಲಿ ಬರೆದಿದ್ದಾಗ ನೀನು ನಂಬಿರಲಿಲ್ಲ. ತೆಂಗಿನ ಸೀಮೆಯಲ್ಲಿ ಮೋಟಾರು ದೋಣಿ ಎಲ್ಲಿಂದ ಬರಬೇಕು ಎಂದು ನೀನೇ ಕೇಳಿದ್ದೆ. ಆದರೆ ಇದೆ. ತೀರಿಹೋದ ಮಾವನವರು ಎಲ್ಲೋ ಹರಾಜಿನಲ್ಲಿ ಕೊಂಡು ಲಾರಿಯ ಮೇಲೆ ತಂದದ್ದಂತೆ. ನಮ್ಮ ತೋಟ ಬೋರನಕಣಿವೆ ಅಣೆಕಟ್ಟಿನ ನೀರಿನ ಈಚೆ ದಡದಲ್ಲಿದೆ, ಹುಳಿಯಾರಿನ ರಸ್ತೆ ಆಚೆ ದಡದಲ್ಲಿ. ಸುತ್ತಿಕೊಂಡು ಹೋಗುವ ಗಾಡಿದಾರಿ ಬಲು ದೂರ. ನೀರು ತುಂಬಿದ ವರ್ಷಗಳಲ್ಲಿ ಕೊಬ್ಬರಿ ಮೂಟೆ ದಾಟಿಸಲು ಅನುಕೂಲವಾಗಲಿ ಎಂದು ಮಾವನವರ ಆಸೆ. ನಾನು ಬಂದಾಗ ಅದು ಕೊಟ್ಟಿಗೆಯಲ್ಲಿ ನಾಲ್ಕು ದಿಮ್ಮಿಗಳ ಮೇಲೆ ಕುಳಿತಿತ್ತು. ಹೊರಮೈಯ ಬಣ್ಣವೆಲ್ಲ ಹಪ್ಪಳದಂತೆ ಎದ್ದಿತ್ತು. ಒಳಗೆ ಮಾತ್ರ, ಅಕ್ಕ, ಮದುವೆಯ ಮನೆ. ತೇಗದ ಹಲಗೆಗಳಿಗೆ ವಾರ್ನಿಷ್, ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಕೊಂಡಿಗಳು, ಹೊಸ ಗಾಜು. ಭಾನುವಾರ ಬಂತೆಂದರೆ ಇವರು ಅದರೊಳಗೆ ಸೇರಿಕೊಂಡರೆ ಊಟಕ್ಕೆ ಎರಡು ಸಲ ಕರೆಯಬೇಕು.

ನಾನು ಸುಮ್ಮನಿರುತ್ತೇನೆಯೇ. ಸೆರಗು ಸಿಕ್ಕಿಸಿ ನಾನೂ ಹತ್ತಿದೆ. ತಿಪಟೂರಿನಿಂದ ಆಕಾಶನೀಲಿ ರೆಕ್ಸಿನ್ ತರಿಸಿದೆ. ನನ್ನ ಹಳೆಯ ವಾಯಿಲ್ ಸೀರೆ ಕತ್ತರಿಸಿ ಕಿಟಕಿಗೆ ಪರದೆ ಹೊಲಿದೆ. ಬಡಗಿ ಸಣ್ಣತಿಮ್ಮಯ್ಯ ನೋಡಿ, "ಏನ್ ಅಮ್ಮಣ್ಣಿ, ಮೀನು ಇಣುಕಿ ನೋಡ್ತಾವೆ ಅಂತ ಪರ್ದೆ ಕಟ್ಟಿದ್ದೀರಾ?" ಎಂದ. ಹಲ್ಲಿಲ್ಲದ ಮುದುಕ, ನಗಿಸುವುದರಲ್ಲಿ ನಿಸ್ಸೀಮ. ಆದರೆ ನಾನು, "ಎಂಜಿನ್ ಯಾವಾಗ ಕೂರಿಸ್ತೀರಿ ತಿಮ್ಮಯ್ಯ?" ಎಂದಾಗ ಉಳಿಯ ಬಾಯಿ ನೋಡುತ್ತಾ, "ಅದು ಯಜಮಾನ್ರನ್ನ ಕೇಳವ್ವ" ಎಂದುಬಿಟ್ಟ. ಯಜಮಾನರನ್ನು ಕೇಳಿದರೆ, "ಮೊದ್ಲು ಒಳಗಿಂದು ಮುಗೀಲಿ" ಎನ್ನುತ್ತಿದ್ದರು. ನಾನು ಬುತ್ತಿ ಕಟ್ಟಿಕೊಂಡು ನೀರಿನ ನಡುವೆ ಹೋಗುವುದನ್ನು, ನೀನು ಬಂದಾಗ ವಿಶಾಲಳನ್ನು ಮುಂದೆ ಕೂರಿಸುವುದನ್ನು ಮನಸ್ಸಿನಲ್ಲೇ ಎಷ್ಟು ಸಲ ಮಾಡಿದ್ದೇನೋ.

ಒಂದು ಬದಿಗೆ ಉದ್ದನೆಯ ಆಸನವಿದೆ, ಒಬ್ಬರು ಮಲಗಬಹುದಾದಷ್ಟು. ಜೂನಿನಲ್ಲಿ ಇವರು ಅದಕ್ಕೆ ಮೊದಲ ಮೆತ್ತೆ ಮಾಡಿದಾಗ ನಾನು ರಾಣಿಯ ಹಾಗೆ ಅದರ ಮೇಲೆ ಉರುಳಿಕೊಂಡು, ಬೇಕೆಂದೇ ಮುಖ ಸೊಟ್ಟ ಮಾಡಿ, "ಹಲಗೆ ಒತ್ತುತ್ತೆ ಕಣ್ರೀ" ಎಂದೆ. ಬರೀ ತಮಾಷೆಗೆ. ಇವರ ಮುಖದ ಬಣ್ಣವೇ ಇಳಿಯಿತು. ಅವತ್ತೇ ಹೊಲಿಗೆ ಬಿಚ್ಚಿದರು. ಆಮೇಲೆ ಮೂರು ಸಲ ಮೆತ್ತೆ ಮಾಡಿ ಮೂರು ಸಲ ಬಿಚ್ಚಿದ್ದಾರೆ. ಪ್ರತಿ ಸಲವೂ ನನ್ನನ್ನು ಮಲಗಿಸಿ, "ಎಲ್ಲಾದ್ರೂ ಒತ್ತುತ್ತಾ? ಸರಿಯಾಗಿ ನೋಡಿ ಹೇಳು" ಎಂದು ಕೇಳುತ್ತಾರೆ. ನನ್ನ ಗಂಡ ನನ್ನನ್ನು ಹೂವಿನ ಮೇಲೆ ಇಡಲು ಒದ್ದಾಡುತ್ತಿದ್ದಾನೆ ಎಂದು ನಾನು ಬೀಗುತ್ತಿದ್ದೆ.

ಇನ್ನೊಂದು ವಿಚಿತ್ರವೆಂದರೆ ಆ ಮೆತ್ತೆಗೆ ಬೂರುಗದ ಹತ್ತಿಯೇ ಆಗಬೇಕು. ಅಕ್ಕ, ಈ ಊರಿನಲ್ಲಿ ತೆಂಗಿನ ನಾರು ಬಿಟ್ಟು ಬೇರೆ ಹಾಸಿಗೆಯೇ ಇಲ್ಲ. ನಮ್ಮ ಹಿತ್ತಲಲ್ಲಿ ಸಿಪ್ಪೆಯ ಗುಡ್ಡವೇ ಇದೆ. ಅದನ್ನು ಬಿಟ್ಟು ಈ ಮಹಾನುಭಾವರು ಯಾರ್ಯಾರದೋ ಹೊಲದ ಬದುವಿನ ಬೂರುಗದ ಮರ ಹುಡುಕಿಕೊಂಡು ಅಲೆಯುತ್ತಾರೆ. ಹತ್ತಿ ಸಾಲದೆ ಮೆತ್ತೆ ಅರ್ಧಕ್ಕೆ ನಿಂತಿತ್ತು.

ಮಗುವಿನ ಸುದ್ದಿ ಹೇಳಿ ಹತ್ತು ದಿನವಾದರೂ ಇವರು ಸರಿಯಾಗಿ ಮಾತಾಡಲಿಲ್ಲ. ಅವರನ್ನು ಹೇಗಾದರೂ ನಗಿಸಬೇಕೆಂದು ನಾನು ಒಂದು ಉಪಾಯ ಮಾಡಿದೆ. ಇವರು ತಿಪಟೂರಿನ ಮಾರುಕಟ್ಟೆಗೆ ಹೋದ ದಿನ, ನಾರು ಬಡಿಯುವ ಕ್ಯಾತಮ್ಮನಿಂದ ಒಳ್ಳೆಯ ಮೆತ್ತನೆಯ ನಾರು ಆರಿಸಿ ತರಿಸಿದೆ. ಬಿಸಿಲಿಗೆ ಹಾಕಿ, ಕೈಯಿಂದಲೇ ಎಳೆ ಎಳೆ ಬಿಡಿಸಿ, ಮೆತ್ತೆಗೆ ತುಂಬಿ, ನೀಲಿ ರೆಕ್ಸಿನ್ನಿನ ಅಂಚನ್ನು ನಾನೇ ಹೊಲಿದೆ. ಬೆರಳೆಲ್ಲ ತೂತು. ಎಷ್ಟು ಚೆಂದ ಕಾಣುತ್ತಿತ್ತು ಎಂದರೆ ಒಂದು ದಾಸವಾಳ ತಂದು ಮೇಲಿಟ್ಟೆ.

ಸಂಜೆ ಬಂದರು. ಕೈಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋದೆ. ನೋಡಿದಾಗ ಮುಖ ಒಂದಿಷ್ಟು ಅರಳಿತು, ನಿಜವಾಗಿಯೂ ಅರಳಿತು. ಮೆತ್ತೆಯ ಮೇಲೆ ಅಂಗೈ ಇಟ್ಟು ಒತ್ತಿದರು. ಒಳಗಿನ ನಾರು ಕರಕರ ಎಂದಿತು.

"ಏನ್ ತುಂಬ್ದೆ?" ಎಂದರು.

"ನಮ್ಮ ಮನೆಯದೇ ನಾರು. ಹತ್ತಿಗಿಂತ ಏನೂ ಕಡಿಮೆ ಇಲ್ಲ, ಮಲಗಿ ನೋಡಿ."

ತಿಮ್ಮಯ್ಯನ ಉಳಿ ಅಲ್ಲೇ ಇತ್ತು. ತೆಗೆದುಕೊಂಡು ರೆಕ್ಸಿನ್ನನ್ನು ಈ ತುದಿಯಿಂದ ಆ ತುದಿಗೆ ಸೀಳಿದರು. ಎರಡೂ ಕೈಯಿಂದ ನಾರನ್ನು ಬಗೆದು ಹೊರಗೆ ಎಸೆದರು, ಒಂದೆಳೆಯೂ ಉಳಿಯದಂತೆ. ನನ್ನ ಕಡೆ ನೋಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ಯಾರೂ ಹಾಗೆ ನಡೆಸಿಕೊಂಡಿರಲಿಲ್ಲ ಅಕ್ಕ, ನಿನಗೆ ಗೊತ್ತಲ್ಲ. ನೇರವಾಗಿ ಒಳಗೆ ಹೋಗಿ ಟ್ರಂಕು ಎಳೆದೆ. ಬೆಳಗಿನ ಬಸ್ಸಿಗೆ ನಿನ್ನ ಹತ್ತಿರ ಬಂದುಬಿಡುವುದೆಂದು ಸೀರೆಗಳನ್ನು ಮಡಿಸತೊಡಗಿದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಆಮೇಲೆ ಮಡಿಸ್ಕೊಳೀವಂತೆ, ಬಾರವ್ವ ನಂಜೊತೆ" ಎಂದು ಅಟ್ಟಕ್ಕೆ ಕರೆದುಕೊಂಡು ಹೋದರು. ಅಟ್ಟದಲ್ಲಿ ವರ್ಷಗಟ್ಟಲೆ ಒಣಗುವ ಕಾಯಿಗಳಿವೆ. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕಳಚಿ ಸದ್ದು ಮಾಡಿದರೆ ಈ ಕಡೆ, ಇನ್ನೂ ನೀರು ಕುಲುಕಿದರೆ ಆ ಕಡೆ ಹಾಕಬೇಕು. ಅತ್ತೆ ಕಾಯಿ ಅಲ್ಲಾಡಿಸುತ್ತಲೇ ಹೇಳಿದರು. ಕೈ ಒಂದು ಸಲವೂ ನಿಲ್ಲಲಿಲ್ಲ.

ಇವರಿಗೆ ಒಬ್ಬಳು ತಂಗಿ ಇದ್ದಳು, ಹೊಂಬಾಳಮ್ಮ. ಹೆರಿಗೆಯಲ್ಲಿ ತೀರಿಕೊಂಡಳು ಎಂದಷ್ಟೇ ನನಗೆ ಗೊತ್ತಿತ್ತು. ಆರು ವರ್ಷದ ಹಿಂದೆ ಅವಳು ಚೊಚ್ಚಲ ಬಾಣಂತನಕ್ಕೆ ತವರಿಗೆ, ಈ ಮನೆಗೇ ಬಂದಿದ್ದಳು. ಆ ವರ್ಷ ನೀರು ತುಂಬಿ ನಮ್ಮ ಬೇಲಿ ಮುಟ್ಟಿತ್ತು, ಗಾಡಿದಾರಿ ಮುಳುಗಿತ್ತು. ಅಷ್ಟು ನೀರು ಬಂದಿದೆಯಲ್ಲ, ಸಿಪ್ಪೆ ಚೆನ್ನಾಗಿ ನೆನೆದರೆ ಒಳ್ಳೆಯ ನಾರು ಬರುತ್ತದೆಂದು ಇವರು ಸಿಪ್ಪೆಯ ಕಟ್ಟುಗಳನ್ನು ದಡದ ನೀರಿನಲ್ಲಿ ಮುಳುಗಿಸಿ, ತೇಲಿಹೋಗದಂತೆ ಗೂಟದಿಂದ ಗೂಟಕ್ಕೆ ನಾರಿನ ಹಗ್ಗ ಬಿಗಿದರು. ಮಾರನೆಯ ದಿನ ಬೆಳಕು ಹರಿಯುವಾಗ ಹೊಂಬಾಳಮ್ಮನಿಗೆ ನೋವು ಬಂತು. ಸೂಲಗಿತ್ತಿ, ಮಗು ಅಡ್ಡವಾಗಿದೆ, ಹುಳಿಯಾರಿನ ಡಾಕ್ಟರ ಹತ್ತಿರ ಹೋಗಿ ಎಂದಳು. ದೋಣಿಯಲ್ಲಾದರೆ ಅರ್ಧ ಗಂಟೆ.

"ಅವಸರದಾಗೆ ಹಗ್ಗ ಕಟ್ಟಿದ್ದೇ ಮರ್ತೋಯ್ತು ಕಣವ್ವ ಅವ್ನಿಗೆ" ಎಂದರು ಅತ್ತೆ. "ದಡ ಬಿಟ್ಟು ಒಂದ್ ಮಾರು ಹೋಗಿಲ್ಲ, ಹಿಂದ್ಗಡೆ ನೀರಲ್ಲಿ ತಿರುಗೋ ಫ್ಯಾನಿಗೆ ಹಗ್ಗ ಸುತ್ಕೊಂತು. ಎಂಜಿನ್ ಕೆಮ್ಮಿ ನಿಂತೋಯ್ತು. ಗೂಟ ಕಿತ್ಕೊಂಡು, ಹಗ್ಗ ಎಳ್ಕೊಂಡು, ಗಾಳಿಗೆ ದೋಣಿ ನಡುನೀರಿಗೆ ಹೋಯ್ತು. ಮಚ್ಚು ಕಚ್ಕೊಂಡು ನೀರಿಗೆ ಬಿದ್ದ. ನಾವೇ ಹೊಸೆದ ಹಗ್ಗ. ನೆಂದು ಕಬ್ಬಿಣ ಆಗಿತ್ತು. ಒಂದೂವರೆ ಗಂಟೆ ಕೊಯ್ದ. ಅವ್ಳ ತಲೆ ನನ್ ತೊಡೆ ಮೇಲಿತ್ತು."

ಮತ್ತೆರಡು ಕಾಯಿ ಅಲ್ಲಾಡಿಸಿ, "ಅವ್ಳೂ ಹೋದ್ಲು, ಕೂಸೂ ಹೋಯ್ತು" ಎಂದರು. "ಎಂಜಿನ್ನ ಅವ್ನೇ ಬಿಚ್ಚಿ ಎಲ್ಲೋ ಕೊಟ್ಬಂದ. ದೋಣಿ ಮಾರ್ಬುಡೋ ಅಂದ್ರೆ ಮಾರ್ಲಿಲ್ಲ. ನಿನ್ ಮೇಲೆ ಸಿಟ್ಟಿಲ್ಲ ಕಣವ್ವ ಅವ್ನಿಗೆ. ನಾರ್ ಕಂಡ್ರೆ ಆಗಲ್ಲ."

ಕೊಬ್ಬರಿ ಮನೆಯವನಿಗೆ ನಾರು ಕಂಡರೆ ಆಗುವುದಿಲ್ಲ. ಅಕ್ಕ, ಅವರು ಇರುವ ಕಡೆಯೆಲ್ಲ ನಾರೇ ಇದೆ. ಹಿತ್ತಲಲ್ಲಿ, ಬಾವಿಯ ಹಗ್ಗದಲ್ಲಿ, ನಾವು ಮಲಗುವ ಹಾಸಿಗೆಯಲ್ಲಿ. ನಾನು ಅದನ್ನು ಅವಳು ಮಲಗಿದ್ದ ಆ ಆಸನಕ್ಕೇ ತುಂಬಿ ಮೇಲೊಂದು ಹೂವನ್ನೂ ಇಟ್ಟಿದ್ದೆ.

ಕೆಳಗಿಳಿದು ಎಂಜಿನ್ನಿನ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದೆ. ಇಷ್ಟು ದಿನ ಒಮ್ಮೆಯೂ ನೋಡಿರಲಿಲ್ಲ. ಖಾಲಿ. ಅದರ ಒಳಗೂ ವಾರ್ನಿಷ್ ಬಳಿದಿದ್ದರು.

ಟ್ರಂಕನ್ನು ಮತ್ತೆ ಮಂಚದ ಕೆಳಗೆ ತಳ್ಳಿದೆ. ಅದಾಗಿ ಎರಡು ವಾರ. ಬಡಗಿ ತಿಮ್ಮಯ್ಯ ಕೆಂಕೆರೆಯ ಕಡೆಯಿಂದ ಎರಡು ಚೀಲ ಬೂರುಗದ ಹತ್ತಿ ತಂದುಕೊಟ್ಟ. ನಾವಿಬ್ಬರೂ ಎದುರುಬದುರು ಕುಳಿತು ಬೀಜ ತೆಗೆದು, ಮೆತ್ತೆ ತುಂಬಿ, ಸೀಳಿದ ರೆಕ್ಸಿನ್ನಿಗೇ ತೇಪೆ ಹಾಕಿ ನೆನ್ನೆ ಮುಗಿಸಿದೆವು. ಇವರ ಮೀಸೆಯ ತುಂಬ ಹತ್ತಿ. ಇನ್ನೊಂದು ದಿನವಾಗಿದ್ದರೆ ನಾನು ಎಷ್ಟು ನಗುತ್ತಿದ್ದೆ.

ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ಅಮ್ಮ ಇಲ್ಲದ ನನಗೆ ತವರೆಂದರೆ ನಿನ್ನ ಮನೆ. ಏಳನೆಯ ತಿಂಗಳಿಗೆ ಬಂದು ಕರೆದುಕೊಂಡು ಹೋಗುತ್ತೀಯೆಂದು ನನಗೆ ಗೊತ್ತು. ಆದರೆ ಇವರು ಈಗಲೇ, ಈ ವಾರವೇ ನನ್ನನ್ನು ಮೈಸೂರಿಗೆ, ನಿನ್ನ ಹತ್ತಿರ ಬಿಟ್ಟುಬರುತ್ತೇನೆ ಎನ್ನುತ್ತಿದ್ದಾರೆ. "ಅಲ್ಲಿ ಆಸ್ಪತ್ರೆ ಬೀದೀಲೇ ಐತೆ, ನೀರ್ ದಾಟೋದಿಲ್ಲ" ಎನ್ನುತ್ತಾರೆ. ಅವರ ಭಯ ಅರ್ಥವಾಗುತ್ತದೆ, ಅವತ್ತು 'ಮೇನಲ್ಲಿ ನೀರಿರಲ್ಲ' ಎಂದು ತಮಗೇ ಧೈರ್ಯ ಹೇಳಿಕೊಂಡದ್ದೂ ಈಗ ಅರ್ಥವಾಗುತ್ತದೆ. ಆದರೆ ನಾನು ಈಗ ಹೊರಟುಬಂದರೆ ಅವರು ಆರು ತಿಂಗಳು ಆ ಕೊಟ್ಟಿಗೆಯಲ್ಲೇ ಇರುತ್ತಾರೆ, ಒಬ್ಬರೇ, ಆ ಮೆತ್ತೆಯನ್ನು ಬಿಚ್ಚುತ್ತಾ ಹೊಲಿಯುತ್ತಾ. ಆದ್ದರಿಂದ ನೀನು ಇವರ ಹೆಸರಿಗೆ ಒಂದು ಕಾಗದ ಬರೆ. ನಿಮ್ಮ ಕಡೆ ಏಳು ತುಂಬುವ ಮುಂಚೆ ಬಸುರಿಯನ್ನು ತವರಿಗೆ ಕರೆಸಿಕೊಳ್ಳುವ ಪದ್ಧತಿ ಇಲ್ಲ ಎಂದು ಬರೆ. ಸುಳ್ಳಾದರೂ ಬರೆ. ನಿನ್ನ ಮಾತನ್ನು ಮೀರುವುದಿಲ್ಲ. ಮಾರ್ಚಿಗೆ ನಾನೇ ಬರುತ್ತೇನೆ, ಇವರನ್ನೂ ಜೊತೆಗೆ ಎಳೆದುಕೊಂಡು.

ಅತ್ತೆ ನಿನಗೆ, "ಮುತ್ತೈದೆಯಾಗಿ ನೂರ್ಕಾಲ ಬಾಳವ್ವ, ಮಗ್ಳಿಗೆ ದೃಷ್ಟಿ ತಗಿ" ಎಂದು ಬರೆಸಿದ್ದಾರೆ. ನಿನ್ನ ಕೈ ನನ್ನ ತಲೆಯ ಮೇಲಿದೆ ಎಂದುಕೊಂಡು ಇಲ್ಲಿಗೆ ನಿಲ್ಲಿಸುತ್ತೇನೆ.

ಸದಾ ನಿನ್ನವಳೇ ಆದ,
ಗಿರಿಜೆ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದೆ. ಒಂದು ಮಾತನ್ನು ಅತ್ತೆ ನನಗೆ ಹೇಳಿರಲಿಲ್ಲ. ನೆನ್ನೆ ಹತ್ತಿ ತುಂಬುವಾಗ ಇವರೇ ಹೇಳಿದರು. ಇವರು ನೀರಿನಲ್ಲಿ ಹಗ್ಗ ಕೊಯ್ಯುತ್ತಿದ್ದಾಗ ಹೊಂಬಾಳಮ್ಮ ಮೇಲಿನಿಂದ, "ಅಣ್ಣಾ, ಹಲ್ಗೆ ಒತ್ತುತ್ತೆ ಕಣೋ, ಬೆನ್ನಿಗೆ ಏನಾದ್ರೂ ಕೊಡೋ" ಎಂದು ಕರೆದಳಂತೆ. ಇವರು ತಲೆ ಎತ್ತದೆ, "ಬಾಯ್ ಮುಚ್ಕೊಂಡು ಮಲಗೇ ಒಂದ್ ಗಳಿಗೆ" ಎಂದು ಗದರಿದರಂತೆ. ಹಗ್ಗ ಬಿಡಿಸಿ ಮೇಲೆ ಹತ್ತುವ ಹೊತ್ತಿಗೆ ಅವಳು ಬಾಯಿ ಮುಚ್ಚಿಕೊಂಡೇ ಮಲಗಿದ್ದಳು. ಜೂನಿನಲ್ಲಿ ನಾನು ನಗುತ್ತಾ ಹೇಳಿದ್ದು ಅದೇ ಮಾತು, ಅಕ್ಕ.

ನೆನ್ನೆ ಸಂಜೆ ಹೊಸ ಮೆತ್ತೆಯ ಮೇಲೆ ನನ್ನನ್ನು ಮಲಗಿಸಿ, "ಈಗ?" ಎಂದು ಕೇಳಿದರು. ನಡುವಿನ ಅಡ್ಡಪಟ್ಟಿ ಇನ್ನೂ ಒತ್ತುತ್ತದೆ. ಎಷ್ಟು ಹತ್ತಿ ತುಂಬಿದರೂ ಅದು ಒತ್ತುತ್ತದೆ. "ಎಲ್ಲೂ ಒತ್ತಲ್ಲ ಕಣ್ರೀ" ಎಂದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ನನ್ನ ಬೆನ್ನಿಗೂ ಮೆತ್ತೆಗೂ ನಡುವೆ ಅಂಗೈ ತೂರಿಸಿ, ದೀಪ ಹಚ್ಚುವ ಹೊತ್ತಾಯಿತೆಂದು ಅತ್ತೆ ಕೂಗುವವರೆಗೆ ಹಾಗೆಯೇ ಹಿಡಿದುಕೊಂಡು ಕುಳಿತಿದ್ದರು.