ಜೇಕಿನ ಬೇರು ಹಿಡಿದು

ಗುರುವಾರ, ತಾರೀಖು ಹನ್ನೊಂದು

ಮಗಳೇ,

ನೂರು ಕಾಲ ಸುಖವಾಗಿರು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಮಂಡಿನೋವು ಪರವಾಗಿಲ್ಲ, ಮಾತ್ರೆ ನುಂಗುತ್ತಿದ್ದೇನೆ. ತಡವಾದದ್ದು ಒಂದು ತನಿಖೆಯಿಂದ.

ಹಿತ್ತಲಿನ ಪಾತಿಯಲ್ಲಿ ಮತ್ತೆ ಜೇಕು. ನೋಡಲು ಹುಲ್ಲು, ಮೂರು ಅಂಚಿನ ಕಡ್ಡಿ, ಮಣ್ಣೊಳಗೆ ಕಡಲೆ ಗಾತ್ರದ ಕರಿ ಗಡ್ಡೆ. ಸೋಮವಾರ ಕಿತ್ತರೆ ಶುಕ್ರವಾರ ಹಾಜರು. ತಾನಾಗಿ ಹೀಗೆ ಬರುವುದುಂಟೇ? ನನ್ನ ಗುಮಾನಿ ಪಕ್ಕದ ಮನೆಯ ನಕ್ಷೆಗಾರರ ಮೇಲೆ. ದಿನಾ ಸಂಜೆ ಚದುರಂಗಕ್ಕೆ ಬರುತ್ತಾರಲ್ಲ, ಅವರೇ. ಸೋತ ದಿನ ಹೊಟ್ಟೆಯುರಿಗೆ ಗೋಡೆಯಾಚೆಯಿಂದ ಗಡ್ಡೆ ಎಸೆಯುತ್ತಾರೆ ಅಂತ. ಗೋಡೆಯ ಮೇಲೆ ಬೂದಿ ಹರಡಿ, ನನ್ನ ಗಡಿಯಾರ ರಿಪೇರಿಯ ಭೂತಗನ್ನಡಿ ಹಿಡಿದು ನೋಡಿದೆ. ಬೆಕ್ಕಿನ ಹೆಜ್ಜೆ ಸಿಕ್ಕಿತು. ಅರ್ಧಕ್ಕೆ ಬಿಟ್ಟ ಲಾ ಕಾಲೇಜಿನಲ್ಲಿ ಓದಿದ್ದೆ, ಸರ್ಕಮ್‌ಸ್ಟಾನ್ಸ್ ಎವಿಡೆನ್ಸೋ ಏನೋ, ಕಣ್ಣಾರೆ ಕಾಣದಿದ್ದರೂ ಸುತ್ತಲಿನ ಸುಳಿವೇ ಸಾಕೆಂದು ಮುಖಕ್ಕೇ ಕೇಳಿಬಿಟ್ಟೆ.

"ಅಲ್ರೀ ಗಡಿಯಾರದವ್ರೇ, ದಿನಾ ಸೋಲೋದು ನೀವು, ಗಡ್ಡೆ ಎಸೆಯೋದು ನಾನಾ? ನೀವು ಮೇಲಿನ ಹುಲ್ಲು ಕೀಳ್ತೀರಿ, ಗಡ್ಡೆ ಒಳಗೇ ಉಳಿಯುತ್ತೆ. ಬೇರು ಹಿಡಿದು ಅಗೀರಿ, ಎಲ್ಲಿಂದ ಬಂತು ಅಂತ ಅದೇ ಹೇಳುತ್ತೆ," ಅಂದವರು ಆಮೇಲೆ ಈ ಕಡೆ ತಲೆ ಹಾಕಿಲ್ಲ.

ಹಟಕ್ಕೆ ಬಿದ್ದು ಅಗೆದೆ. ಗಡ್ಡೆಯಿಂದ ಗಡ್ಡೆಗೆ ನೂಲಿನಂಥ ಬೇರು. ಗೋಡೆಯತ್ತ ಹೋಗಲೇ ಇಲ್ಲ, ನಮ್ಮದೇ ಬಟ್ಟೆ ಒಗೆಯುವ ಕಲ್ಲಿನ ಹಿಂದಕ್ಕೆ ಕರೆದೊಯ್ದಿತು. ಅಲ್ಲಿ ಯಾವ ಕಾಲದಲ್ಲೋ ಬೋರಲು ಹಾಕಿದ ಮಣ್ಣಿನ ಕುಂಡ, ಅದರೊಳಗೆಲ್ಲ ಗಡ್ಡೆ.

ನಾಳೆ ನಾನೇ ಚದುರಂಗದ ಹಾಸು ಹಿಡಿದು ನಕ್ಷೆಗಾರರ ಮನೆಗೆ ಹೋಗುತ್ತೇನೆ. ಒಂದು ಆಟ ಬೇಕೆಂದೇ ಸೋಲುತ್ತೇನೆ, ಉಳಿದವನ್ನು ಹೇಗೂ ಸೋಲುತ್ತೇನೆ. ಅಳಿಯಂದಿರಿಗೂ ಮೊಮ್ಮಗಳಿಗೂ ಒಳ್ಳೆಯದಾಗಲಿ.

ನಿನ್ನ ಅಪ್ಪ

ತಾ.ಕ.: ಆ ಗಡ್ಡೆ ಜಜ್ಜಿದರೆ ಒಂದು ಪರಿಮಳ. ನನಗೆ ಗೊತ್ತಿದ್ದದ್ದೇ. ಮದುವೆಯಾದ ಹೊಸತರಲ್ಲಿ ನಿನ್ನ ಅಮ್ಮನ ಬಟ್ಟೆಗಳಿಂದ ಬರುತ್ತಿತ್ತು. "ಈ ಸೆಂಟು ನಿಂಗೆ ಯಾರು ಕೊಟ್ಟಿದ್ದು?" ಅಂತ ಕೇಳಿದ್ದೆ. ಅವಳು ಹಿತ್ತಲಿಗೆ ಹೋಗಿ, ಕೈಯೆಲ್ಲ ಮಣ್ಣು ಮಾಡಿಕೊಂಡು ಬಂದಳು. ಮತ್ತೆಂದೂ ಆ ಪರಿಮಳ ಬರಲಿಲ್ಲ. ಸಿಕ್ಕಿಬಿದ್ದಳು ಅಂದುಕೊಂಡು ಮೂವತ್ತೆಂಟು ವರ್ಷ ಒಳಗೇ ಇಟ್ಟುಕೊಂಡೆ, ಮಗಳೇ. ನಾನು ಜೇಕು ಕೀಳುವಾಗಲೆಲ್ಲ ಬಾಗಿಲಲ್ಲಿ ನಿಂತು, "ಇರಲಿ ಬಿಡ್ರೀ, ನಿಮ್ಮ ಗಂಟೇನು ಹೋಗುತ್ತೆ?" ಅನ್ನುತ್ತಿದ್ದಳು. ಸಂಶಯವಿದ್ದರೆ ಆರೋಪಿಯ ಪರವಾಗಿಯೇ ತೀರ್ಪು, ಬೆನಿಫಿಟ್ ಆಫ್ ಡೌಟ್ ಅಂತ ಒಂದು ಮಾತಿತ್ತು. ಪರೀಕ್ಷೆಯಲ್ಲಿ ಬರೆದಿದ್ದೆ, ಅಷ್ಟೆ. ಅವಳು ಹೋದಮೇಲೆ ನೀನು ಒಯ್ದ ಅವಳ ಪೆಟ್ಟಿಗೆ ನಿನ್ನ ಹತ್ತಿರ ಇದೆಯಲ್ಲ, ತಳದಲ್ಲಿ ಬಟ್ಟೆ ಘಮಿಸಲೆಂದು ಇಟ್ಟ ಒಣಗಿದ ಗಡ್ಡೆ ಇದೆಯಾ ನೋಡಿ ಬರೆ. ಇಲ್ಲದಿದ್ದರೂ ಬರೆ. ಈ ಸಲ ನಂಬುತ್ತೇನೆ.