ಅತ್ತೆಯ ಜೀವಕೋಶಗಳಿಗೆ ಊಟ

ಜೂನ್ 4, ಬೆಳಿಗ್ಗೆ 9

ಫ್ಲಾಸ್ಕಿನ ಗುಲಾಬಿ ದ್ರವ ಹಳದಿಗೆ ತಿರುಗಿದೆ. ಅಂದರೆ ಇದ್ದದ್ದನ್ನೆಲ್ಲ ತಿಂದು ಮುಗಿಸಿವೆ. ಹಳೆಯದನ್ನು ಹೀರಿ ತೆಗೆದು ಹೊಸದು ಹಾಕಿದೆ. ಭಾನುವಾರಗಳಲ್ಲೂ ರಜೆ ಇಲ್ಲ, ಹಸು ಸಾಕಿದವರ ಪಾಡು.

ಇವು ಅತ್ತೆಯ ಕರುಳಿನ ಕ್ಯಾನ್ಸರ್ ಕೋಶಗಳು. ಆಪರೇಷನ್‌ನಲ್ಲಿ ತೆಗೆದ ಗೆಡ್ಡೆಯ ಚೂರನ್ನು ನಮ್ಮ ಲ್ಯಾಬಿಗೆ ಕೊಡಿ ಅಂತ ಅವರೇ ಸಹಿ ಹಾಕಿದ್ದು. "ಕಸಕ್ಕೆ ಹಾಕೋ ಬದಲು ಅಳಿಯಂದಿರಿಗಾದ್ರೂ ಉಪಯೋಗಕ್ಕೆ ಬರಲಿ." ರಿಟೈರ್ ಆದ ಟೀಚರ್. ಸರ್ಜನ್ ಕೂಡ ಕೈಕಟ್ಟಿ ನಿಂತು ಕೇಳಿದರು.

ಜೂನ್ 6

ಊಟಕ್ಕೆ ಕೂತಾಗ ಅತ್ತೆ — "ನನ್ನವು ಊಟ ಮಾಡಿದ್ವಾ?" ದಿನಾ ಕೇಳುತ್ತಾರೆ. ತಮ್ಮ ತಟ್ಟೆ ಮಾತ್ರ ಎರಡು ತುತ್ತಿಗೇ ಪಕ್ಕಕ್ಕೆ. ಕೀಮೋ ಶುರುವಾದಾಗಿನಿಂದ ಹೀಗೇ. ಇವಳು ಗದರಿಸಿದಳು: "ಅಮ್ಮ, ನಿನ್ನ ಕ್ಯಾನ್ಸರ್ ನಿನಗಿಂತ ಚೆನ್ನಾಗಿ ತಿಂತಿದೆ." ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ.

ನಾನು ಈ ಕೋಶಗಳ ಮೇಲೆ ಪ್ರಯೋಗಿಸೋ ನೈಟ್ರಿಕ್ ಆಕ್ಸೈಡ್ ಅಂದ್ರೇನು ಅಂತ ಅತ್ತೆಯ ವಿಚಾರಣೆ. ನಮ್ಮ ಮೈಯೇ ತಯಾರಿಸೋ ಅನಿಲ, ಹುಟ್ಟಿ ಕೆಲವೇ ಸೆಕೆಂಡಲ್ಲಿ ಮಾಯ ಅಂದೆ. ಈ ಕೋಶಗಳಿಗೆ ಸ್ವಲ್ಪ ಸಿಕ್ಕರೆ ಕೊಬ್ಬುತ್ತವೆ, ಜಾಸ್ತಿಯಾದರೆ ಸಾಯುತ್ತವೆ.

"ಅತಿಯಾದರೆ ಅಮೃತವೂ ವಿಷ. ಇದಕ್ಕೆ ಪಿಎಚ್‌ಡಿ ಬೇಕಿತ್ತಾ?"

ಜೂನ್ 21

ಅತ್ತೆಗೆ ಇವತ್ತು ಕೊನೆಯ ಕೀಮೋ.

ಲ್ಯಾಬಲ್ಲಿ ಆ ಅನಿಲ ಬಿಡೋ ಔಷಧಿಯ ಕಡಿಮೆ ಡೋಸ್ ಹಾಕಿದ ತಟ್ಟೆ ನೋಡಿದೆ. ಏನೂ ಹಾಕದ ತಟ್ಟೆಗಿಂತ ದಟ್ಟವಾಗಿ ಬೆಳೆದಿವೆ. ಹೆಚ್ಚಿನ ಡೋಸ್ ಇವತ್ತೇ ಹಾಕಬೇಕಿತ್ತು. ಪೈಪೆಟ್ ಕೈಗೆತ್ತಿಕೊಂಡೆ... ನಾಳೆ ನೋಡೋಣ ಅಂತ ಇಟ್ಟೆ.

ಜುಲೈ 7

ಗೈಡ್ ಮೇಡಂ ಕೈಗೆ ಸಿಕ್ಕಿಬಿದ್ದೆ. "ಬರೀ ಕಡಿಮೆ ಡೋಸಿಂದೇ ಇದೆಯಲ್ಲ. ಹೆಚ್ಚಿಂದು ಎಲ್ಲಿ?" ಇನ್‌ಕ್ಯುಬೇಟರ್ ಕೈಕೊಟ್ಟಿತ್ತು ಅಂದೆ. ಹಸಿ ಸುಳ್ಳು.

ಮೇಡಂಗೆ ಏನಂತ ಹೇಳೋದು? ಈ ಗುರುವಾರ ಅತ್ತೆಗೆ ಸ್ಕ್ಯಾನ್. ರೋಗ ಮತ್ತೆ ಎಲ್ಲಾದರೂ ತಲೆ ಎತ್ತಿದೆಯಾ ಅಂತ ಅವತ್ತು ಗೊತ್ತಾಗುತ್ತೆ. ಅದಕ್ಕೆ ಮುಂಚೆ ಇವುಗಳನ್ನು ಕೊಂದರೆ ಅವರಿಗೇ ಏನಾದರೂ ಆಗಿಬಿಟ್ಟರೆ ಅನ್ನೋ ಭಯ. ಬೆಕ್ಕು ಅಡ್ಡ ಬಂತು ಅಂತ ನಿಂತವರನ್ನು ಕಂಡು ನಗೋ ಮನುಷ್ಯ ನಾನು!

ಜುಲೈ 8, ಸಂಜೆ

"ನನ್ನವು ಊಟ ಮಾಡಿದ್ವಾ?" ಅಂದರು. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ.

ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಂದ್ರೆ ಇಷ್ಟು ದಿನ ಹಾವಿಗೆ ಹಾಲೆರೀತಿದ್ರಾ?"

ತಲೆ ತಗ್ಗಿಸಿದೆ.

"ಅಳಿಯಂದಿರೇ, ಅದು ನಾನಲ್ಲ. ನಾನು ಇಲ್ಲಿ ಕೂತಿದ್ದೀನಿ." ಆಮೇಲೆ ಮೆಲ್ಲಗೆ — "ನನ್ನ ಮೇಲಿನ ಅಕ್ಕರೆ ಅದರ ಮೇಲೆ ಸುರೀಬೇಡಿ. ನಾಳೆ ಹಾಕಿ."

ಅಮ್ಮ ಹೋದ ಮೇಲೆ ನನ್ನನ್ನು ಹೀಗೆ ಯಾರೂ ಬೈದಿರಲಿಲ್ಲ. ಈ ಹೆಂಗಸು ಇಲ್ಲದ ಮನೆ ನನಗೆ ಬೇಡ.

ಜುಲೈ 9

ಹಾಕಿದೆ. ಪೂರ್ತಿ ಡೋಸ್.

ಜುಲೈ 10, ಮಧ್ಯಾಹ್ನ

ಬೆಳಿಗ್ಗೆ ಮೊದಲು ಲ್ಯಾಬ್. ತಟ್ಟೆಗೆ ಅಂಟಿಕೊಂಡಿದ್ದವೆಲ್ಲ ಕಳಚಿಕೊಂಡು ಮುದುರಿ ತೇಲುತ್ತಿವೆ. ಅನಿಲದ ಪರೀಕ್ಷೆಗೆ ಹಾಕಿದ ದ್ರವ ಕಡುಗುಲಾಬಿಗೆ ತಿರುಗಿದೆ. ಅನಿಲ ಬಂದು ಹೋದದ್ದಕ್ಕೆ ಅದೊಂದೇ ಗುರುತು. ತಟ್ಟೆಯಲ್ಲಿ ಸಾಯೋದು ಬೇರೆ, ಮೈಯಲ್ಲಿ ಸಾಯೋದು ಬೇರೆ, ಗೊತ್ತು. ಆದರೂ ಆಸ್ಪತ್ರೆಗೆ ಓಡಿಕೊಂಡೇ ಹೋದೆ.

ಅತ್ತೆ ಸ್ಕ್ಯಾನ್ ಮುಗಿಸಿ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು, ಮಡಿಲಲ್ಲಿ ರಿಪೋರ್ಟಿನ ಕವರ್. ನಾನು ಬಾಯಿ ತೆರೆಯೋ ಮೊದಲೇ — "ಮೊದಲು ನಿಮ್ಮದು ಹೇಳಿ."

"ಎಲ್ಲಾ ಸತ್ತಿವೆ ಅತ್ತೆ."

"ಪಾಪ," ಅಂದರು. ಕವರ್ ನನ್ನ ಕೈಗಿಟ್ಟು, "ನನ್ನಲ್ಲೂ ಏನೂ ಸಿಗಲಿಲ್ಲವಂತೆ."

ಇವಳು ಗೋಡೆ ಕಡೆ ತಿರುಗಿ ಅಳುತ್ತಿದ್ದಳು. ನನಗೂ ಕಣ್ಣು ತುಂಬಿತು. ಅತ್ತೆ ಕರ್ಚೀಫು ಇವಳಿಗೆ ಕೊಡಲಿಲ್ಲ, ನನಗೆ ಕೊಟ್ಟರು.

ಮನೆಗೆ ಬಂದು ಇವಳು ಮಲಗಿದವಳು ಇನ್ನೂ ಎದ್ದಿಲ್ಲ. ಎಷ್ಟು ದಿನದ ನಿದ್ದೆಯೋ. ನಾನು ಬೇಗ ಉಂಡು ಇದನ್ನು ಬರೆಯೋಕೆ ಕೂತೆ. ಅತ್ತೆ ಇನ್ನೂ ತಟ್ಟೆ ಮುಂದೆ ಕೂತಿದ್ದಾರೆ. ಈಗ ಅಡುಗೆಮನೆಯಿಂದ ಕೂಗು — "ಅಳಿಯಂದಿರೇ, ಬರೆದದ್ದು ಸಾಕು. ಬನ್ನಿ, ಇನ್ನೊಂದು ಸಲ ಬಡಿಸಿ."

ಇನ್ನೊಂದು ಸಲ ಅಂದರು. ಇನ್ನೊಂದು ಸಲ ಅಂದರಲ್ಲ ಇವರು, ಬಂದೆ ಅತ್ತೆ, ಬಂ—